ಹೆಸರು ಉಳಿದು ಜನ ಬದಲಾದಾಗ

1987ರ ಜುಲೈ ತಿಂಗಳಿನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಇಯರೇಕ್ ಎಂಬ ಸಣ್ಣ ಸಂಸ್ಥೆಯೊಂದು ‘ಸ್ಕಮ್’ ಎಂಬ ಧ್ವನಿಮುದ್ರಿಕೆಯನ್ನು ಮಾರಾಟಕ್ಕೆ ತಂದಿತು. ಹೊದಿಕೆಯ ಮೇಲೆ ಅಚ್ಚಾಗಿದ್ದ ವಾದ್ಯತಂಡದ ಹೆಸರು ‘ನೇಪಾಮ್ ಡೆತ್’. ಒಟ್ಟು 28 ಗೀತೆಗಳು. ಎಲ್ಲವೂ ಸೇರಿ ಸುಮಾರು 33 ನಿಮಿಷ. ತಟ್ಟೆಯ ಮೊದಲನೆಯ ಮುಖದ ಗೀತೆಗಳನ್ನು 1986ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನುಡಿಸಿದವರು ನಿಕೊಲಸ್ ಬುಲ್ಲೆನ್, ಜಸ್ಟಿನ್ ಬ್ರಾಡ್ರಿಕ್ ಮತ್ತು ಮಿಕ್ ಹ್ಯಾರಿಸ್ ಎಂಬ ಮೂವರು. ಎರಡನೆಯ ಮುಖವನ್ನು 1987ರ ಮೇ ತಿಂಗಳಿನಲ್ಲಿ ಮುದ್ರಿಸುವ ವೇಳೆಗೆ ಬುಲ್ಲೆನ್ ಅವರೂ ಬ್ರಾಡ್ರಿಕ್ ಅವರೂ ತಂಡವನ್ನು ಬಿಟ್ಟು ಹೋಗಿದ್ದರು. ಅವರ ಸ್ಥಾನಗಳಲ್ಲಿ ಲೀ ಡೋರಿಯನ್, ಬಿಲ್ ಸ್ಟೀರ್, ಜಿಮ್ ವೈಟ್ಲಿ ನಿಂತಿದ್ದರು. ಎರಡೂ ಮುಖಗಳಿಗೆ ಸಾಮಾನ್ಯರಾದವರು ಡ್ರಮ್ಮು ಬಾರಿಸಿದ ಹ್ಯಾರಿಸ್ ಒಬ್ಬರೇ. ಒಂದೇ ತಟ್ಟೆ, ಒಂದೇ ಹೆಸರು, ಒಂದೇ ಬೆಲೆ. ಮಗುಚಿ ಹಾಕಿದರೆ ಬೇರೆ ಜನ.

ಹ್ಯಾರಿಸ್ ಅವರೂ ಆ ತಂಡದ ಸಂಸ್ಥಾಪಕರಲ್ಲ. ತಂಡವನ್ನು 1981ರಲ್ಲಿ ಮೆರಿಡನ್ ಎಂಬ ಹಳ್ಳಿಯಲ್ಲಿ ಕಟ್ಟಿದವರು ಬುಲ್ಲೆನ್ ಮತ್ತು ಮೈಲ್ಸ್ ರಾಟ್ಲೆಜ್ ಎಂಬ ಇಬ್ಬರು ಶಾಲಾವಯಸ್ಸಿನ ಹುಡುಗರು. ರಾಟ್ಲೆಜ್ ಬಿಟ್ಟ ಮೇಲೆ ಆ ಸ್ಥಾನಕ್ಕೆ ಹ್ಯಾರಿಸ್ ಬಂದರು. 1991ರಲ್ಲಿ ಅವರೂ ಹೊರನಡೆದರು. ಅಂದಿನಿಂದ ಆ ತಂಡದಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರೂ ಇಲ್ಲ. ಅದಕ್ಕೆ ಹೆಸರು ತಂದುಕೊಟ್ಟ ಮೊದಲ ತಟ್ಟೆಯಲ್ಲಿ ನುಡಿಸಿದವರಲ್ಲಿಯೂ ಒಬ್ಬರು ಉಳಿದಿಲ್ಲ. ಆದರೂ ತಂಡ ನಿಂತಿಲ್ಲ. 2020ರಲ್ಲಿಯೂ ಅದೇ ಹೆಸರಿನಲ್ಲಿ ಹೊಸ ಧ್ವನಿಮುದ್ರಿಕೆ ಬಂದಿದೆ. ‘ಸ್ಕಮ್’ ತಟ್ಟೆಯ ಗೀತೆಗಳನ್ನು ಅದರಲ್ಲಿ ಪಾಲ್ಗೊಳ್ಳದವರು ವೇದಿಕೆಯ ಮೇಲೆ ಹಾಡುತ್ತಾರೆ. ಕೇಳುವವರು ಟಿಕೆಟು ಕೊಂಡು ಬರುತ್ತಾರೆ.

ಈ ಹೆಸರು ಈಗ ಸತ್ಯವೇ, ಅಸತ್ಯವೇ? ಅದನ್ನಿಟ್ಟುಕೊಂಡು ನಡೆಯುವ ವ್ಯವಹಾರ ನ್ಯಾಯವೇ, ಅನ್ಯಾಯವೇ? ಪ್ರಶ್ನೆ ದೂರದ ದೇಶದ ಗದ್ದಲದ ಸಂಗೀತದ್ದಾದರೂ, ತಂದೆಯ ಹೆಸರಿನ ಅಂಗಡಿಯನ್ನು ನಡೆಸುವ ಮಕ್ಕಳಿಗೂ, ಗತಿಸಿದ ದಾನಿಯ ಹೆಸರಿನ ಟ್ರಸ್ಟನ್ನು ನಡೆಸುವ ಧರ್ಮದರ್ಶಿಗಳಿಗೂ ಇದು ಅಪರಿಚಿತವಾದುದಲ್ಲ.

ಈ ಬಗೆಯ ಸಂಗೀತದ ಪರಿಚಯ ನಮ್ಮ ಮನೆಗಳ ಹಿರಿಯರಿಗೆ ಇರಲಾರದು. ಇದ್ದರೆ ಮೊಮ್ಮಕ್ಕಳ ಕಿವಿಗೆ ಸಿಕ್ಕಿಸಿದ ಯಂತ್ರದಿಂದ ಹೊರಗೆ ಸೋರುವ ಸದ್ದಾಗಿ ಮಾತ್ರ ಇರಬಹುದು. ಗಿಟಾರಿನ ಶ್ರುತಿಯನ್ನು ಬಹಳ ಕೆಳಕ್ಕೆ ಇಳಿಸಿರುತ್ತಾರೆ. ಡ್ರಮ್ಮಿನ ಪೆಟ್ಟುಗಳನ್ನು ಕಿವಿ ಎಣಿಸಲಾರದು. ಗಾಯಕನಾದವನು ಗಂಟಲಿನ ಆಳದಿಂದ ಗುಡುಗುತ್ತಾನೆಯೇ ಹೊರತು ರಾಗವಾಗಿ ಹಾಡುವುದಿಲ್ಲ. ಇದಕ್ಕೆ ಡೆತ್ ಮೆಟಲ್ ಎಂದು ಹೆಸರು. ನೇಪಾಮ್ ಡೆತ್ ತಂಡವು ಆರಂಭದಲ್ಲಿ ನುಡಿಸಿದ, ಇನ್ನೂ ವೇಗದ, ಇನ್ನೂ ಚುಟುಕಾದ ಬಗೆಯನ್ನು ಗ್ರೈಂಡ್‌ಕೋರ್ ಎನ್ನುತ್ತಾರೆ. ‘ಸ್ಕಮ್’ ತಟ್ಟೆಯ ಮೊದಲ ಮುಖದಲ್ಲಿರುವ ‘ಯೂ ಸಫರ್’ ಎಂಬ ಗೀತೆಯ ಅವಧಿ 1.316 ಸೆಕೆಂಡು. ಲೋಕದಲ್ಲಿಯೇ ಅತಿ ಚಿಕ್ಕ ಗೀತೆಯೆಂದು ಗಿನ್ನೆಸ್ ದಾಖಲೆಗೆ ಸೇರಿದ ಅದು ಒಂದು ನಿಟ್ಟುಸಿರಿಗಿಂತ ಮೊದಲೇ ಮುಗಿಯುತ್ತದೆ. 1990ರಲ್ಲಿ ತಂಡವು ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರಕ್ಕೆ ಹೋಗಿ, ಡೆತ್ ಮೆಟಲಿನ ತವರೆನಿಸಿದ್ದ ಮಾರಿಸೌಂಡ್ ಎಂಬಲ್ಲಿ ‘ಹಾರ್ಮನಿ ಕರಪ್ಷನ್’ ಎಂಬ ತಟ್ಟೆಯನ್ನು ಮುದ್ರಿಸಿಕೊಂಡಿತು. ಅಲ್ಲಿಂದ ಅದು ಡೆತ್ ಮೆಟಲ್ ತಂಡಗಳ ಪಂಕ್ತಿಯಲ್ಲಿ ಕುಳಿತಿತು.

ಹೆಸರನ್ನು ಕೇಳಿ ಇವರು ಹಿಂಸೆಯನ್ನು ಹೊಗಳುವವರೆಂದು ತಿಳಿಯುವುದು ದುಡುಕಾಗುತ್ತದೆ. ನೇಪಾಮ್ ಎಂಬುದು ಯುದ್ಧದಲ್ಲಿ ಮನುಷ್ಯರನ್ನೂ ಕಾಡುಗಳನ್ನೂ ಸುಡಲು ಬಳಸಿದ ರಾಸಾಯನಿಕ. ತಂಡದ ಗೀತೆಗಳ ವಸ್ತುವಾದರೋ ಯುದ್ಧದ ಖಂಡನೆ, ಧನದಾಹದ ಖಂಡನೆ, ಪ್ರಾಣಿಗಳ ಮೇಲಿನ ಕ್ರೌರ್ಯದ ಖಂಡನೆ. 1989ರಲ್ಲಿ ಗಾಯಕರಾಗಿ ಬಂದ ಮಾರ್ಕ್ ಗ್ರೀನ್‌ವೇ ಮಾಂಸಾಹಾರವನ್ನು ತ್ಯಜಿಸಿದವರು, ಪ್ರಾಣಿಗಳ ಪರವಾಗಿ ಬಹಿರಂಗವಾಗಿ ಮಾತನಾಡಿದವರು. ಇಂತಹ ಮಾತನ್ನು ಗರ್ಜಿಸಿ ಹೇಳಬೇಕೇ, ಮೆಲ್ಲನೆ ಹೇಳಬೇಕೇ ಎಂಬುದು ಬೇರೆ ಚರ್ಚೆ. ಈ ಲೇಖನದ ವಿಷಯ ಅದಲ್ಲ.

ಹೆಸರಿನ ವಿಚಾರಕ್ಕೆ ಬರೋಣ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದ ಆರಂಭದಲ್ಲಿಯೇ, ತತ್ತ್ವಗಳ ವಿವರಣೆಗೆ ಇಳಿಯುವುದಕ್ಕಿಂತ ಮೊದಲು, ಶಬ್ದವನ್ನು ವಸ್ತುವಿಗೆ ಅನ್ವಯಿಸುವ ನಾಲ್ಕು ಬಗೆಗಳನ್ನು ಹೇಳಿದ್ದಾರೆ: ನಾಮ, ಸ್ಥಾಪನಾ, ದ್ರವ್ಯ, ಭಾವ. ಇವೇ ನಾಲ್ಕು ನಿಕ್ಷೇಪಗಳು. ಕೂಲಿಕಾರನ ಮಗನಿಗೆ ರಾಜೇಂದ್ರನೆಂದು ಹೆಸರಿಟ್ಟರೆ ಅದು ನಾಮನಿಕ್ಷೇಪ. ಅಲ್ಲಿ ರಾಜಗುಣದ ಅಪೇಕ್ಷೆಯಿಲ್ಲ. ಚದುರಂಗದ ಮಣೆಯ ಮೇಲಿನ ಮರದ ತುಂಡನ್ನು ‘ಇವನೇ ರಾಜ’ ಎಂದು ಭಾವಿಸಿ ಆಡುವುದು ಸ್ಥಾಪನಾನಿಕ್ಷೇಪ. ಮುಂದೆ ಪಟ್ಟವೇರಲಿರುವ ಕುಮಾರನನ್ನು, ಅಥವಾ ಪಟ್ಟವನ್ನು ತ್ಯಜಿಸಿ ಹೋದವನನ್ನು ರಾಜನೆಂದೇ ಕರೆಯುವುದು ದ್ರವ್ಯನಿಕ್ಷೇಪ. ಈ ಕ್ಷಣದಲ್ಲಿ ಸಿಂಹಾಸನದ ಮೇಲೆ ಕುಳಿತು ರಾಜ್ಯವನ್ನು ಆಳುತ್ತಿರುವವನನ್ನು ರಾಜನೆನ್ನುವುದು ಭಾವನಿಕ್ಷೇಪ. ಶಬ್ದ ಒಂದೇ, ಅರ್ಥ ನಾಲ್ಕು. ಯಾವ ಅರ್ಥದಲ್ಲಿ ಆಡುತ್ತಿದ್ದೇವೆಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳದೆ ವಾದಕ್ಕೆ ಇಳಿದರೆ ಆ ವಾದ ಮುಗಿಯುವುದಿಲ್ಲ.

ಈ ತಂಡದ ಅಭಿಮಾನಿಗಳ ವಾದವೂ ಹೀಗೆಯೇ ಮುಗಿಯದೆ ಉಳಿದಿದೆ. ಧ್ವನಿಮುದ್ರಿಕೆಯ ಕಂಪನಿಯ ಕಾಗದಪತ್ರಗಳಲ್ಲಿರುವುದು ನಾಮಮಾತ್ರದ ನೇಪಾಮ್ ಡೆತ್. ಯುವಕರು ಅಂಗಿಯ ಮೇಲೆ ಮುದ್ರಿಸಿಕೊಂಡು ತಿರುಗುವ ಲಾಂಛನದಲ್ಲಿರುವುದು ಸ್ಥಾಪನಾರೂಪದ್ದು. ‘ಬುಲ್ಲೆನ್ ಇಲ್ಲದ ಮೇಲೆ ಅದೆಂತಹ ನೇಪಾಮ್ ಡೆತ್?’ ಎಂದು ಕೇಳುವ ಹಳೆಯ ಅಭಿಮಾನಿ ದ್ರವ್ಯನಿಕ್ಷೇಪದಲ್ಲಿ ಮಾತನಾಡುತ್ತಿದ್ದಾನೆ. ಬಿಟ್ಟುಹೋದವರಲ್ಲಿ ಹಿಂದಿನ ಪರ್ಯಾಯವನ್ನು ಕಾಣುತ್ತಿದ್ದಾನೆ. ‘ಈ ರಾತ್ರಿ ವೇದಿಕೆಯ ಮೇಲೆ ಬೆವರು ಸುರಿಸುತ್ತಿರುವವರೇ ನೇಪಾಮ್ ಡೆತ್’ ಎನ್ನುವ ಹೊಸಬ ಭಾವನಿಕ್ಷೇಪವನ್ನು ಹಿಡಿದಿದ್ದಾನೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಇಬ್ಬರಲ್ಲಿ ಯಾರಾದರೂ ‘ಇದೇ, ಇದೊಂದೇ’ ಎಂದು ಏಕಾಂತವನ್ನು ಹಿಡಿದಾಗ ತಪ್ಪು ಆರಂಭವಾಗುತ್ತದೆ.

ಆದರೆ ನಯಭೇದವನ್ನು ಹೇಳಿ ಎಲ್ಲರ ಮಾತೂ ಸರಿಯೆಂದು ಕೈತೊಳೆದುಕೊಳ್ಳುವುದು ಸುಲಭ. ಅನೇಕಾಂತದ ಹೆಸರಿನಲ್ಲಿ ನಡೆಯುವ ಆಲಸ್ಯಗಳಲ್ಲಿ ಇದೂ ಒಂದು. ಟಿಕೆಟಿಗೆ ಹಣ ಕೊಟ್ಟು ಬಂದವನ ಪ್ರಶ್ನೆಗೆ ಇಲ್ಲಿಯವರೆಗೆ ಉತ್ತರ ದೊರೆತಿಲ್ಲ.

ಶ್ರಾವಕನ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ತುಪ್ಪಕ್ಕೆ ಎಣ್ಣೆ ಬೆರೆಸಿ ತುಪ್ಪವೆಂದು ಮಾರುವುದು, ಬೆಳ್ಳಿಗೆ ಕೀಳು ಲೋಹ ಸೇರಿಸಿ ಬೆಳ್ಳಿಯೆಂದು ತೂಗುವುದು ಇದರ ಪರಿಚಿತ ರೂಪಗಳು. ಬೇರೆ ಜನರನ್ನು ನಿಲ್ಲಿಸಿ ಹಳೆಯ ತಂಡದ ಹೆಸರಿನಲ್ಲಿ ಟಿಕೆಟು ಮಾರುವುದು ಈ ಅತಿಚಾರದ ಒಳಗೆ ಬರುತ್ತದೆಯೇ? ಇದನ್ನು ತೂಗಿ ನೋಡಲು ಮೂರು ಸಂಗತಿಗಳನ್ನು ಕೇಳಬೇಕಾಗುತ್ತದೆ. ಬದಲಾವಣೆಯನ್ನು ಮುಚ್ಚಿಟ್ಟರೇ? ಹೆಸರು ಕೈಯಿಂದ ಕೈಗೆ ದಾಟಿದ ರೀತಿ ಯಾವುದು? ಹೆಸರನ್ನು ನಂಬಿ ಬಂದವನಿಗೆ ಆ ಹೆಸರು ಆಶ್ವಾಸನೆ ಕೊಟ್ಟ ವಸ್ತು ದೊರೆಯಿತೇ?

ಮೊದಲನೆಯದಕ್ಕೆ ಉತ್ತರ ಹೇಳಲು ಹೆಚ್ಚು ಹೊತ್ತು ಬೇಕಿಲ್ಲ. ಯಾವ ತಟ್ಟೆಯಲ್ಲಿ ಯಾರು ನುಡಿಸಿದ್ದಾರೆಂಬುದು ಆಯಾ ಧ್ವನಿಮುದ್ರಿಕೆಯ ಜೊತೆಯಲ್ಲಿಯೇ ಅಚ್ಚಾಗಿ ಬಂದಿದೆ. ‘ಸ್ಕಮ್’ ತಟ್ಟೆಯ ಎರಡು ಮುಖಗಳಿಗೆ ಎರಡು ಪಟ್ಟಿಗಳೆಂಬುದು ಆ ತಂಡದ ಗುಟ್ಟಲ್ಲ. ಅವರ ಚರಿತ್ರೆಯಲ್ಲಿ ಎಲ್ಲರೂ ಮೊದಲು ಹೇಳುವ ಸಂಗತಿಯೇ ಅದು.

ಎರಡನೆಯದು ಹೆಚ್ಚು ಸ್ವಾರಸ್ಯವಾದುದು. ಬುಲ್ಲೆನ್ ಇದ್ದಾಗಲೇ ಹ್ಯಾರಿಸ್ ಬಂದಿದ್ದರು. ಬುಲ್ಲೆನ್ ಹೋದ ಮೇಲೆ ಹ್ಯಾರಿಸ್ ಉಳಿದರು. ಹ್ಯಾರಿಸ್ ಇದ್ದಾಗಲೇ, ‘ಸ್ಕಮ್’ ಬಂದ 1987ರಲ್ಲಿಯೇ, ಶೇನ್ ಎಂಬರಿ ಎಂಬವರು ಬೇಸ್ ಗಿಟಾರಿಗೆ ಸೇರಿದರು. 1989ರಲ್ಲಿ ಡೋರಿಯನ್ ಮತ್ತು ಸ್ಟೀರ್ ಇಬ್ಬರೂ ಹೊರಟುಹೋದಾಗ ಹ್ಯಾರಿಸ್ ಮತ್ತು ಎಂಬರಿ ಉಳಿದು, ಬೆನಿಡಿಕ್ಷನ್ ಎಂಬ ತಂಡದಿಂದ ಗ್ರೀನ್‌ವೇ ಅವರನ್ನೂ, ಅಮೆರಿಕದಿಂದ ಜೆಸ್ಸಿ ಪಿಂಟಾಡೊ ಮತ್ತು ಮಿಚ್ ಹ್ಯಾರಿಸ್ ಎಂಬ ಇಬ್ಬರು ಗಿಟಾರ್ ವಾದಕರನ್ನೂ ಕರೆಸಿಕೊಂಡರು. 1991ರಲ್ಲಿ ಮಿಕ್ ಹ್ಯಾರಿಸ್ ಬಿಟ್ಟಾಗ ಎಂಬರಿ ಇದ್ದರು. ಡ್ರಮ್ಮಿಗೆ ಡ್ಯಾನಿ ಹೆರೆರಾ ಬಂದರು. ಹೀಗೆ 1981ರಿಂದ ಇಂದಿನವರೆಗೆ ಒಬ್ಬನೇ ಮನುಷ್ಯ ಉಳಿದಿಲ್ಲವಾದರೂ, ಒಬ್ಬನೂ ಇಲ್ಲದೆ ಬಾಗಿಲು ಮುಚ್ಚಿದ ದಿನವೂ ಇಲ್ಲ. ಬುಲ್ಲೆನ್, ಹ್ಯಾರಿಸ್, ಎಂಬರಿ: ಮೂರೇ ಕೈಗಳಲ್ಲಿ ನಾಲ್ಕು ದಶಕಗಳು ದಾಟಿವೆ, ಪ್ರತಿಯೊಂದು ಕೈಯೂ ಮುಂದಿನದನ್ನು ಮುಟ್ಟಿದೆ.

ವ್ಯಾಪಾರಿಗಳ ಮನೆಗಳಲ್ಲಿ ದೀಪಾವಳಿಯ ದಿನ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆಯಾಗುತ್ತದೆ. ಕಾಗದ ಹೊಸತು, ರಟ್ಟು ಹೊಸತು, ಬರೆಯುವ ಗುಮಾಸ್ತನೂ ಹೊಸಬನಾಗಿರಬಹುದು. ಆದರೆ ಮೊದಲ ಪುಟದ ಮೊದಲ ಸಾಲು ಹಳೆಯ ಪುಸ್ತಕದ ಆಖೈರು ಶಿಲ್ಕು. ಆ ಸಾಲನ್ನು ಹಾಗೆಯೇ ಇಳಿಸಿಕೊಂಡರೆ ವ್ಯಾಪಾರ ಮುಂದುವರಿಯಿತು. ಇಳಿಸಿಕೊಳ್ಳದಿದ್ದರೆ ಬೋರ್ಡು ಅದೇ ಇದ್ದರೂ ಅದು ಬೇರೆ ಅಂಗಡಿ. ಶಿಲ್ಕಿನ ಜೊತೆಯಲ್ಲಿ ಬಾಕಿಗಳೂ ಬರುತ್ತವೆಂಬುದನ್ನು ಮರೆಯಬಾರದು. ಜಮಾ ಮಾತ್ರ ಇಳಿಸಿಕೊಂಡು ಖರ್ಚನ್ನು ಹಳೆಯವರ ತಲೆಗೆ ಬಿಡುವ ಲೆಕ್ಕವಿಲ್ಲ. ಈ ತಂಡದವರು ‘ಸ್ಕಮ್’ ತಟ್ಟೆಯ ಗೀತೆಗಳನ್ನು ಇಂದಿಗೂ ನುಡಿಸುತ್ತಾರೆಂದರೆ ಆ ಮೊದಲ ಸಾಲನ್ನು ಇಳಿಸಿಕೊಂಡಿದ್ದಾರೆಂದೇ ಅರ್ಥ.

1996ರಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಆ ವರ್ಷ ತಂಡವು ಗ್ರೀನ್‌ವೇ ಅವರನ್ನು ಬಿಡಿಸಿ, ಎಕ್ಸ್‌ಟ್ರೀಮ್ ನಾಯ್ಸ್ ಟೆರರ್ ಎಂಬ ಇನ್ನೊಂದು ತಂಡದ ಗಾಯಕ ಫಿಲ್ ವೇನ್ ಅವರನ್ನು ತೆಗೆದುಕೊಂಡಿತು. ಗ್ರೀನ್‌ವೇ ಹೋಗಿ ಸೇರಿದ್ದು ವೇನ್ ಬಿಟ್ಟುಬಂದ ಆ ತಂಡವನ್ನೇ! ಅಲ್ಲಿ ಒಂದು ತಟ್ಟೆಗೆ ಹಾಡಿಯೂ ಹಾಡಿದರು. ಕೆಲವೇ ಕಾಲದಲ್ಲಿ ವೇನ್ ಅವರ ಏರ್ಪಾಡು ಹೊಂದಿಕೆಯಾಗದೆ, 1997ರ ಧ್ವನಿಮುದ್ರಿಕೆಯ ವೇಳೆಗೆ ಗ್ರೀನ್‌ವೇ ಹಿಂದಿರುಗಿದರು. ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದ ದೃಷ್ಟಾಂತವನ್ನು ಕೊಟ್ಟಿದ್ದಾರೆ: ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಸಂತೋಷ, ಚಿನ್ನ ಬೇಕಾಗಿದ್ದವನಿಗೆ ಎರಡೂ ಇಲ್ಲ. ಆ ವರ್ಷ ಈ ಎರಡು ತಂಡಗಳ ಅಭಿಮಾನಿಗಳಲ್ಲಿ ಮೂರು ಬಗೆಯವರೂ ಇದ್ದಿರಬೇಕು. ಕಂಠಕ್ಕಾಗಿ ಬಂದವರು ಕೊಡವನ್ನು ಕೇಳಿದವರು. ತಂಡಕ್ಕಾಗಿ ಬಂದವರು ಚಿನ್ನವನ್ನು ಕೇಳಿದವರು.

ಜೆಸ್ಸಿ ಪಿಂಟಾಡೊ 2004ರಲ್ಲಿ ತಂಡದಿಂದ ಬೇರೆಯಾದರು. 2006ರ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಸ್ಥಾನವನ್ನು ತುಂಬಲು ತಂಡವು ಇನ್ನೊಬ್ಬ ಸದಸ್ಯನನ್ನು ತೆಗೆದುಕೊಳ್ಳಲಿಲ್ಲ. ಎರಡು ಗಿಟಾರುಗಳ ಕೆಲಸವನ್ನು ಮಿಚ್ ಹ್ಯಾರಿಸ್ ಒಬ್ಬರೇ ನಡೆಸಿದರು. 2014ರಲ್ಲಿ ಮಿಚ್ ಹ್ಯಾರಿಸ್ ಸಂಚಾರದಿಂದ ಹಿಂದೆ ಸರಿದ ಮೇಲೆ ವೇದಿಕೆಯ ಮೇಲೆ ಜಾನ್ ಕುಕ್ ನುಡಿಸತೊಡಗಿದರು. ಸ್ಥಾನಗಳೆಲ್ಲವೂ ಒಂದೇ ರೀತಿಯಲ್ಲಿ ತುಂಬುವುದಿಲ್ಲವೆಂಬುದನ್ನು ಇದರಿಂದ ಕಾಣಬಹುದು: ಒಂದು ತಕ್ಷಣ ತುಂಬಿತು, ಒಂದು ತುಂಬಿ ಮತ್ತೆ ಹಳಬನಿಗೇ ಸೇರಿತು, ಒಂದು ಖಾಲಿಯಾಗಿಯೇ ಉಳಿಯಿತು.

ಮೂರನೆಯ ಪ್ರಶ್ನೆಗೆ ಬಂದರೆ ಸಂಗೀತವೇ ಧ್ರೌವ್ಯವೆಂದು ಹೇಳಲು ಬರುವುದಿಲ್ಲ. 1986ರ ಮುದ್ರಣಕ್ಕೂ 1990ರ ಫ್ಲಾರಿಡಾದ ಮುದ್ರಣಕ್ಕೂ ವ್ಯತ್ಯಾಸ ಬಹಳ. 1990ರ ದಶಕದ ನಡುವೆ ವೇಗವನ್ನು ತಗ್ಗಿಸಿ ಬೇರೆ ಪ್ರಯೋಗಗಳನ್ನು ಮಾಡಿದರು; 2000ದಲ್ಲಿ ಮತ್ತೆ ಹಳೆಯ ಉಗ್ರತೆಗೆ ಹಿಂದಿರುಗಿದರು. ಮಾರ್ಪಡದೆ ಉಳಿದಿರುವುದು ಅವರು ಆಡುತ್ತಿರುವ ಮಾತು. ಬಲವುಳ್ಳವನು ಬಲಹೀನನನ್ನು ತುಳಿಯುವುದರ ವಿರುದ್ಧ 1981ರ ಹುಡುಗರು ಹಿಡಿದ ಪಕ್ಷವನ್ನು, ಅವರನ್ನು ಎಂದೂ ತಂಡದಲ್ಲಿ ಕೂಡಿಕೊಳ್ಳದ ಗ್ರೀನ್‌ವೇ ಬಿಟ್ಟುಕೊಟ್ಟಿಲ್ಲ. ಹೆಸರು ಕೊಟ್ಟ ಆಶ್ವಾಸನೆ ಅದಾಗಿದ್ದರೆ, ಕೇಳಲು ಬಂದವನಿಗೆ ತುಪ್ಪವೇ ದೊರೆತಿದೆ ಎನ್ನಬೇಕಾಗುತ್ತದೆ. ಬುಲ್ಲೆನ್ ಅವರ ಕಂಠವೇ ಬೇಕೆಂದು ಬಂದವನಿಗೆ ಮಾತ್ರ ದೊರೆಯಲಿಲ್ಲ; ಅದು ದೊರೆಯುವುದೆಂದು ಅವನಿಗೆ ಯಾರೂ ಹೇಳಿಯೂ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ದೃಷ್ಟಾಂತವೊಂದು ಅಮೆರಿಕದ ಫ್ಲಾರಿಡಾದಲ್ಲಿದೆ. ಅಲ್ಲಿ ಚಕ್ ಶುಲ್ಡಿನರ್ ಎಂಬ ಹದಿಹರೆಯದ ಹುಡುಗ 1983ರಲ್ಲಿ ಆರಂಭಿಸಿದ ತಂಡ 1984ರಲ್ಲಿ ‘ಡೆತ್’ ಎಂಬ ಹೆಸರನ್ನು ತಾಳಿತು. ಡೆತ್ ಮೆಟಲ್ ಸಂಗೀತವನ್ನು ರೂಪಿಸಿದವರಲ್ಲಿ ಮೊದಲ ಸಾಲಿಗೆ ಸೇರುವವರು ಅವರು. 1987ರಿಂದ 1998ರವರೆಗೆ ಏಳು ಧ್ವನಿಮುದ್ರಿಕೆಗಳು ಬಂದುವು; ಯಾವ ಎರಡರಲ್ಲಿಯೂ ನುಡಿಸಿದವರ ಪಟ್ಟಿ ಒಂದೇ ಆಗಿಲ್ಲ. ಎಲ್ಲದರಲ್ಲಿಯೂ ಇದ್ದವರು ಶುಲ್ಡಿನರ್ ಒಬ್ಬರೇ. ಇಲ್ಲಿ ಧ್ರೌವ್ಯ ಯಾವುದೆಂದು ಹುಡುಕಬೇಕಾಗಿಲ್ಲ: ಒಬ್ಬ ಮನುಷ್ಯನೇ ಚಿನ್ನ, ಉಳಿದವರೆಲ್ಲ ಆಕಾರಗಳು. ಆದರೆ 1990ರಲ್ಲಿ ಯೂರೋಪಿನ ಸಂಚಾರ ಆರಂಭವಾಗುವ ಹೊತ್ತಿಗೆ ತಾನು ಬರುವುದಿಲ್ಲವೆಂದು ಶುಲ್ಡಿನರ್ ಹಿಂದೆ ಸರಿದರು. ಉಳಿದವರು ಬೇರೆ ಇಬ್ಬರನ್ನು ಸೇರಿಸಿಕೊಂಡು ‘ಡೆತ್’ ಎಂಬ ಹೆಸರಿನಲ್ಲಿಯೇ ಯೂರೋಪನ್ನು ಸುತ್ತಿ ಬಂದರು. ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಬಿಡಲಾಗದೆಂಬ ಒತ್ತಡ ಅವರಿಗೆ ಇದ್ದಿರಬಹುದು. ಕೊಟ್ಟ ಮಾತನ್ನು ಉಳಿಸುವುದೂ ಧರ್ಮವೇ. ಆದರೂ ಚಿನ್ನವಿಲ್ಲದೆ ಕಿರೀಟವನ್ನು ತೋರಿಸಿದಂತಾಯಿತೆಂಬ ಮಾತು ಉಳಿಯುತ್ತದೆ. ಶುಲ್ಡಿನರ್ ಅವರ ವರ್ತನೆಯನ್ನೂ ಪೂರ್ತಿ ಒಪ್ಪಲಾಗುವುದಿಲ್ಲ. ಜೊತೆಯವರನ್ನು ಪ್ರಯಾಣದ ಹೊತ್ತಿನಲ್ಲಿ ಕೈಬಿಟ್ಟು, ಅನಂತರ ‘ನನ್ನ ಹೆಸರನ್ನು ಬಳಸಿದಿರಿ’ ಎಂದು ಮುನಿಯುವುದು ಪೂರ್ಣ ನ್ಯಾಯವಲ್ಲ. ಅವರಿಬ್ಬರ ಸಂಬಂಧ ಅಲ್ಲಿಗೆ ಮುಗಿಯಿತು. ಮುಂದಿನ ತಟ್ಟೆಗೆ ಬೇರೆಯೇ ಜನ ಬಂದರು.

ಶುಲ್ಡಿನರ್ 2001ರ ಡಿಸೆಂಬರ್ 13ರಂದು ಮೆದುಳಿನ ಗೆಡ್ಡೆಯ ರೋಗದಿಂದ 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ‘ಡೆತ್’ ಎಂಬ ಹೆಸರಿನ ಹೊಸ ಧ್ವನಿಮುದ್ರಿಕೆ ಆಮೇಲೆ ಯಾವುದೂ ಬರಲಿಲ್ಲ. ಅವರೊಡನೆ ಬೇರೆ ಬೇರೆ ಕಾಲದಲ್ಲಿ ನುಡಿಸಿದ ಕೆಲವರು 2012ರಿಂದ ಅವರ ಗೀತೆಗಳನ್ನು ಮತ್ತೆ ವೇದಿಕೆಗೆ ತಂದಿದ್ದಾರೆ. ಹಾಗೆ ತರುವಾಗ ಇಟ್ಟುಕೊಂಡ ಹೆಸರು ‘ಡೆತ್ ಟು ಆಲ್’. ನಿಜವಾಗಿ ನೋಡಿದರೆ, ಆ ತಟ್ಟೆಗಳಲ್ಲಿ ಸ್ವತಃ ನುಡಿಸಿದ ಇವರಿಗೆ ಹಳೆಯ ಹೆಸರಿನ ಮೇಲೆ, ‘ಸ್ಕಮ್’ ತಟ್ಟೆಯಲ್ಲಿ ನುಡಿಸದ ಗ್ರೀನ್‌ವೇ ಅವರಿಗೆ ನೇಪಾಮ್ ಡೆತ್ ಎಂಬ ಹೆಸರಿನ ಮೇಲೆ ಇರುವುದಕ್ಕಿಂತ ಹೆಚ್ಚಿನ ಸಲುಗೆ ಇದೆ ಎಂದು ವಾದಿಸಬಹುದಾಗಿತ್ತು. ಅವರು ಹೆಸರಿಗೆ ಎರಡು ಪದಗಳನ್ನು ಕೂಡಿಸಿ, ಬಂದವನಿಗೆ ಬಾಗಿಲಿನಲ್ಲಿಯೇ ತಿಳಿಯುವಂತೆ ಮಾಡಿದ್ದಾರೆ. ಶುಲ್ಡಿನರ್ ಅವರು ಬರುವುದಿಲ್ಲವೆಂಬುದನ್ನು ಆ ಹೆಸರೇ ಹೇಳುತ್ತದೆ.

ಹೆಸರು ಜಗಳಕ್ಕೆ ಬಿದ್ದ ಮೂರನೆಯ ಪ್ರಸಂಗ ಸ್ವೀಡನ್ ದೇಶದ್ದು. ಸ್ಟಾಕ್‌ಹೋಮ್ ನಗರದ ಹುಡುಗರ ‘ನೈಹಿಲಿಸ್ಟ್’ ಎಂಬ ಡೆತ್ ಮೆಟಲ್ ತಂಡ 1989ರಲ್ಲಿ ವಿಸರ್ಜನೆಯಾಯಿತು. ಕೆಲವೇ ದಿನಗಳಲ್ಲಿ ಅದೇ ಹುಡುಗರು, ಒಬ್ಬರನ್ನು ಬಿಟ್ಟು, ‘ಎಂಟೂಮ್ಡ್’ ಎಂಬ ಹೊಸ ಹೆಸರಿನಲ್ಲಿ ಕೂಡಿದರು. ಬಿಡಲ್ಪಟ್ಟವರು ಬೇಸ್ ವಾದಕ ಜಾನಿ ಹೆಡ್‌ಲುಂಡ್. ‘ನೀನು ಬೇಡ’ ಎಂದು ಮುಖಕ್ಕೆ ಹೇಳಲಾರದೆ ತಂಡವನ್ನೇ ಮುಚ್ಚಿದರೆಂಬುದು ಪ್ರಚಲಿತ ವೃತ್ತಾಂತ. ಇದನ್ನು ಓದಿದಾಗ ಪೇಟೆಯನ್ನು ಬಲ್ಲವರ ತುಟಿಯಲ್ಲಿ ನಗು ಮೂಡಬಹುದು. ಒಬ್ಬ ಪಾಲುದಾರನನ್ನು ಕಳಚಿಕೊಳ್ಳಲು ಫರ್ಮನ್ನು ಮುಚ್ಚಿ, ಎಂಟು ದಿನಗಳ ಮೇಲೆ ಪಕ್ಕದ ಮಳಿಗೆಯಲ್ಲಿ ಹೊಸ ಬೋರ್ಡು ಹಾಕುವುದು ಯಾವ ಊರಿನ ಪೇಟೆಗೂ ಹೊಸದಲ್ಲ. ‘ತಂಡ ವಿಸರ್ಜನೆಯಾಗಿದೆ’ ಎಂಬ ವಾಕ್ಯ ಅಕ್ಷರಶಃ ಸತ್ಯ. ಅದನ್ನು ಆಡಿದ ಭಾವ ಸತ್ಯವೇ? ಪ್ರಮತ್ತಯೋಗದಿಂದ ಆಡಿದ ಮಾತನ್ನು ನಮ್ಮ ಶಾಸ್ತ್ರಕಾರರು ಅನೃತವೆಂದು ಎಣಿಸುವಾಗ ನೋಡುವುದು ವಾಕ್ಯವನ್ನಲ್ಲ, ಆಡಿದವನ ಮನಸ್ಸನ್ನು. ಮನನ್ನೋಯಿಸಬಾರದೆಂಬ ಸಂಕೋಚವೂ ಅದರಲ್ಲಿ ಬೆರೆತಿದ್ದರೆ ದೋಷದ ತೂಕ ಕಡಿಮೆಯಾದೀತು, ಇಲ್ಲವಾಗದು. ಹೆಡ್‌ಲುಂಡ್ ‘ಅನ್‌ಲೀಶ್ಡ್’ ಎಂಬ ತಂಡವನ್ನು ಕಟ್ಟಿಕೊಂಡು ತಮ್ಮ ದಾರಿ ಹಿಡಿದರು.

ಹೀಗೆ ಹುಟ್ಟಿದ ಎಂಟೂಮ್ಡ್ ತಂಡಕ್ಕೆ ಇಪ್ಪತ್ತೈದು ವರ್ಷಗಳ ಮೇಲೆ ಅದೇ ಪ್ರಶ್ನೆ ಮರಳಿ ಬಂದಿತು. ಗಾಯಕ ಲಾರ್ಸ್ ಗೋರಾನ್ ಪೆತ್ರೋವ್ ಮತ್ತು ಗಿಟಾರ್ ವಾದಕ ಅಲೆಕ್ಸ್ ಹೆಲಿಡ್ ನಡುವೆ ಹೆಸರಿನ ವಿಷಯದಲ್ಲಿ ಭಿನ್ನಾಭಿಪ್ರಾಯ ಬೆಳೆದು, 2014ರಲ್ಲಿ ಪೆತ್ರೋವ್ ತಮ್ಮ ತಂಡವನ್ನು ‘ಎಂಟೂಮ್ಡ್ ಎ.ಡಿ.’ ಎಂದು ಕರೆದು ಧ್ವನಿಮುದ್ರಿಕೆ ತಂದರು. ಕಂಠ ಒಬ್ಬರಲ್ಲಿ, ಹೆಸರಿನ ಹಕ್ಕಿನ ಮಾತು ಇನ್ನೊಬ್ಬರಲ್ಲಿ. ಎರಡನ್ನು ಬೇರ್ಪಡಿಸಲು ಎರಡು ಅಕ್ಷರಗಳು. 2021ರ ಮಾರ್ಚಿನಲ್ಲಿ ಪೆತ್ರೋವ್ ಕಾಲವಾದರು.

ನಮ್ಮ ದೇಶದ 1932ರ ಪಾಲುದಾರಿಕೆ ಅಧಿನಿಯಮವು ಫರ್ಮಿನ ಗುಡ್‌ವಿಲ್ಲನ್ನು ಫರ್ಮಿನ ಸ್ವತ್ತುಗಳಲ್ಲಿ ಎಣಿಸುತ್ತದೆ. ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರನ ಮರಣದೊಂದಿಗೆ ಫರ್ಮು ಕೊನೆಗೊಳ್ಳುತ್ತದೆ. ನಿವೃತ್ತನಾದವನು ನಿವೃತ್ತನಾದನೆಂದು ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ಹೊರಗಿನವರ ಪಾಲಿಗೆ ಅವನ ಹೊಣೆ ತೀರುವುದಿಲ್ಲ. ವಕೀಲರ ಭಾಷೆಯ ಈ ನಿಯಮ ಪ್ರತಿರೂಪಕ ವ್ಯವಹಾರದ ನಿಷೇಧಕ್ಕೆ ಬಹಳ ಸಮೀಪದಲ್ಲಿದೆ. ಹೆಸರನ್ನು ನಂಬಿ ಬರುವವನು ಒಳಗಿನ ಬದಲಾವಣೆಯನ್ನು ತಾನಾಗಿ ಊಹಿಸಬೇಕಾಗಿಲ್ಲ. ತಿಳಿಸುವ ಭಾರ ಒಳಗಿರುವವರದು. ಸದ್ದಿನ ತಂಡಗಳ ಹುಡುಗರು ಕರಾರುಪತ್ರ ಬರೆದುಕೊಂಡು ಗಿಟಾರು ಹಿಡಿಯುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಇಟ್ಟ ಹೆಸರಿಗೆ ನಲವತ್ತರಲ್ಲಿ ಬೆಲೆ ಬಂದಾಗ ಕಾಗದವಿಲ್ಲದ ಕಷ್ಟ ಎದುರಾಗುತ್ತದೆ. ಅಣ್ಣತಮ್ಮಂದಿರ ಅಂಗಡಿಗಳಲ್ಲಿಯೂ ಹೀಗೆಯೇ ಆಗಿರುವುದನ್ನು ಅನೇಕ ಮನೆತನಗಳು ಬಲ್ಲವು.

ಇನ್ನೊಂದು ಸಂಗತಿಯನ್ನು ಕಾನೂನು ಕೇಳುವುದಿಲ್ಲ, ಧರ್ಮ ಕೇಳುತ್ತದೆ. ನಿಶ್ಚಯದೃಷ್ಟಿಯಿಂದ ನೋಡಿದರೆ ತಂಡವೆಂಬ ಜೀವದ್ರವ್ಯವೊಂದು ಎಲ್ಲಿಯೂ ಇಲ್ಲ. ಇರುವವರು ನುಡಿಸುವ ಬೇರೆ ಬೇರೆ ಜೀವರು. ಪುದ್ಗಲಸ್ಕಂಧವು ಕೂಡುವುದರಿಂದಲೂ ಒಡೆಯುವುದರಿಂದಲೂ ಹುಟ್ಟುವಂತೆ, ತಂಡವೂ ಕೂಡಿ ಒಡೆದು ಮತ್ತೆ ಕೂಡುವ ಒಂದು ವ್ಯವಸ್ಥೆ. ಕರ್ಮಬಂಧವಾಗುವುದು ಜೀವಕ್ಕೆ, ವ್ಯವಸ್ಥೆಗಲ್ಲ. 1986ರ ಆಗಸ್ಟಿನಲ್ಲಿ ಬುಲ್ಲೆನ್ ಮತ್ತು ಬ್ರಾಡ್ರಿಕ್ ಯಾವ ಭಾವದಿಂದ ಆ ಗೀತೆಗಳನ್ನು ಮಾಡಿದರೋ ಅದರ ಫಲ ಅವರದು. ಹೆಸರಿನ ಜೊತೆಯಲ್ಲಿ ಕೀರ್ತಿ ದಾಟಬಹುದು, ವರಮಾನ ದಾಟಬಹುದು. ಪುಣ್ಯ ಪಾಪಗಳು ದಾಟುವುದಿಲ್ಲ. ಇಂದು ಅವೇ ಗೀತೆಗಳಿಗೆ ಬೀಳುವ ಚಪ್ಪಾಳೆಯಲ್ಲಿ ಹಾಡುತ್ತಿರುವವನ ಪಾಲು ಅವನು ಇಂದು ಹಾಡಿದ ಮಟ್ಟಿಗೆ ಮಾತ್ರ. ಬಸದಿಗಳ ಆಡಳಿತ ನಡೆಸುವವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ದಾನಶಾಸನದ ಕಲ್ಲಿನಲ್ಲಿರುವ ಹೆಸರು ಒಬ್ಬರದು, ಪ್ರತಿದಿನ ಮುಂಜಾನೆ ಬಾಗಿಲು ತೆರೆಯುವವರು ಬೇರೊಬ್ಬರು. ಆ ಕಲ್ಲನ್ನು ತನ್ನದೆಂದು ತೋರಿಸಿಕೊಂಡರೆ ತಪ್ಪು, ಅದರ ಧೂಳನ್ನು ಒರೆಸದೆ ಬಿಟ್ಟರೂ ತಪ್ಪು.

ಕೊನೆಯದಾಗಿ, ನೇಪಾಮ್ ಡೆತ್ ತಂಡದ ಚರಿತ್ರೆಯಲ್ಲಿ ಈ ವಿಚಾರಕ್ಕೆ ಹೆಚ್ಚು ಬೆಳಕು ಚೆಲ್ಲುವ ವರ್ಷ 1992. ತಂಡವನ್ನು ಬಿಟ್ಟ ಮಿಕ್ ಹ್ಯಾರಿಸ್, ತಮಗಿಂತ ಮೊದಲೇ ಬಿಟ್ಟಿದ್ದ ಬುಲ್ಲೆನ್ ಅವರನ್ನು ಕೂಡಿಕೊಂಡು ಹೊಸ ತಂಡವನ್ನು ಕಟ್ಟಿದ್ದರು. ಅವರ ಮೊದಲ ಧ್ವನಿಮುದ್ರಿಕೆ ‘ವೇ ಸೋಲಿಸ್’ ಆ ವರ್ಷ ಹೊರಬಂದಿತು. ಅದರಲ್ಲಿ ಗಿಟಾರು ನುಡಿಸಲು ಬಂದವರು ಜಸ್ಟಿನ್ ಬ್ರಾಡ್ರಿಕ್. ಎಂದರೆ ‘ಸ್ಕಮ್’ ತಟ್ಟೆಯ ಮೊದಲ ಮುಖದ ಮೂವರೂ ಆರು ವರ್ಷಗಳ ಮೇಲೆ ಮತ್ತೆ ಒಂದು ಕಡೆ ಸೇರಿದ್ದರು. ತಾವೇ ಮೂಲದವರು, ಹೆಸರು ನಮ್ಮದು ಎನ್ನಲು ಅವರಿಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕಾಗಿರಲಿಲ್ಲ. ಅವರು ಹೊದಿಕೆಯ ಮೇಲೆ ಅಚ್ಚು ಹಾಕಿಸಿದ ಹೆಸರು ‘ಸ್ಕಾರ್ನ್’. ಅದೇ ವರ್ಷ ಎಂಬರಿ, ಗ್ರೀನ್‌ವೇ, ಪಿಂಟಾಡೊ, ಮಿಚ್ ಹ್ಯಾರಿಸ್, ಹೆರೆರಾ ಸೇರಿ ‘ಯುಟೋಪಿಯಾ ಬ್ಯಾನಿಶ್ಡ್’ ಎಂಬ ತಟ್ಟೆಯನ್ನು ನೇಪಾಮ್ ಡೆತ್ ಹೆಸರಿನಲ್ಲಿ ತಂದರು. ಎರಡನ್ನೂ ಪ್ರಕಟಿಸಿದ್ದು ಒಂದೇ ಇಯರೇಕ್ ಸಂಸ್ಥೆ. ಆ ವರ್ಷ ಅಂಗಡಿಗೆ ಹೋದ ಗ್ರಾಹಕನು ಎರಡನ್ನೂ ಎದುರಿಗೆ ಇಟ್ಟುಕೊಂಡು ನೋಡಬಹುದಾಗಿತ್ತು: ಹೊಸ ಹೆಸರಿನ ಕೆಳಗೆ ಹಳೆಯ ಜನ, ಹಳೆಯ ಹೆಸರಿನ ಕೆಳಗೆ ಹೊಸ ಜನ.